ಮೂರು ಹೀರೇಕಾಯಿ, ಹನ್ನೆರಡು ಮನೆ

ಪ್ರಶ್ನೆ: ನಮ್ಮ ಅಪಾರ್ಟ್‌ಮೆಂಟಿನ ಹಿಂದೆ 30-40ರ ಸೈಟಿನಷ್ಟು ಜಾಗ ಖಾಲಿ ಬಿದ್ದಿದೆ. ಹನ್ನೆರಡು ಮನೆಯವರು ಸೇರಿ ಅಲ್ಲಿ ತರಕಾರಿ ತೋಟ ಮಾಡೋಣ ಅಂತ ಹೊರಟಿದ್ದೇವೆ. ಪ್ರತಿ ಭಾನುವಾರ ಎರಡು ಗಂಟೆ ಎಲ್ಲರೂ ಕೆಲಸ ಮಾಡಬೇಕು ಅಂತ ಮಾತಾಗಿದೆ. ನನಗೆ ಆಸೆ ಇದೆ, ಅನುಮಾನವೂ ಇದೆ. ಮನೆ ಮುಂದೆಯೇ ಸೊಪ್ಪಿನ ಗಾಡಿ ಬರುವಾಗ ಇಷ್ಟೊಂದು ಕಷ್ಟ ಯಾಕೆ ಅಂತ ನಮ್ಮ ಯಜಮಾನರು ಕೇಳುತ್ತಾರೆ. ಬೆಳೆದದ್ದನ್ನು ಹನ್ನೆರಡು ಮನೆಗೆ ಹಂಚುವುದು ಹೇಗೆ? ಏನು ಬೆಳೆಯಬೇಕು? ಇನ್ನೊಂದು ಮಾತು. ನಮ್ಮ ಅತ್ತೆಯವರು ಮದ್ದೂರು ಕಡೆಯ ಹಳ್ಳಿಯವರು, 68 ವರ್ಷ, ಮಂಡಿ ನೋವು. ಇಲ್ಲಿಗೆ ಬಂದು ಎರಡು ವರ್ಷ ಆಯಿತು, ದಿನವೆಲ್ಲಾ ಟಿವಿ ಮುಂದೆ ಇರುತ್ತಾರೆ. ಅವರನ್ನೂ ತೋಟಕ್ಕೆ ಕರೆದುಕೊಂಡು ಹೋಗಬಹುದಾ?
(ಓದುಗರೊಬ್ಬರು, ಬೆಂಗಳೂರು)

ಉತ್ತರ: ಅತ್ತೆಯವರ ವಿಷಯ ಕೊನೆಯಲ್ಲಿ ಕೇಳಿದ್ದೀರಿ. ನಾನು ಅಲ್ಲಿಂದಲೇ ಶುರು ಮಾಡುತ್ತೇನೆ. ಅವರನ್ನು ಮೊದಲ ದಿನವೇ ಕರೆದುಕೊಂಡು ಹೋಗಿ. ನಿಮ್ಮ ಹನ್ನೆರಡು ಮನೆಗಳಲ್ಲಿ ಮಣ್ಣು ಮುಟ್ಟಿ ಬೆಳೆದವರು ಬಹುಶಃ ಅವರೊಬ್ಬರೇ ಇರಬಹುದು.

ನಾನು ಇಪ್ಪತ್ತೈದು ವರ್ಷ ತೋಟಗಾರಿಕೆ ಕಲಿಸಿದವನು. ಈಗ ಎಂಟು ವರ್ಷದಿಂದ ನಮ್ಮ ಬಡಾವಣೆಯ ಒಂದು ಸಣ್ಣ ತೋಟದಲ್ಲಿ ಭಾನುವಾರದ ಬೆಳಿಗ್ಗೆ ಕಳೆಯುತ್ತೇನೆ. ಶುರುವಿನ ದಿನಗಳಲ್ಲಿ ಒಂದು ಸಲ ನಾವೆಲ್ಲ ಕಳೆ ಕಿತ್ತು ಮೂಲೆಯಲ್ಲಿ ರಾಶಿ ಹಾಕಿದ್ದೆವು. ಮೊಮ್ಮಗನನ್ನು ಬಿಡಲು ಬಂದ ಅಜ್ಜಿಯೊಬ್ಬರು ಆ ರಾಶಿ ನೋಡಿ ಅಲ್ಲೇ ಕೂತುಬಿಟ್ಟರು. ಒಂದೊಂದೇ ಎಳೆ ಎತ್ತಿ ಸೀರೆಯ ಸೆರಗಿಗೆ ಹಾಕಿಕೊಳ್ಳುತ್ತಾ ಹೆಸರು ಹೇಳತೊಡಗಿದರು. ಇದು ಅಣ್ಣೆ ಸೊಪ್ಪು, ಇದು ಗೋಣಿ ಸೊಪ್ಪು, ಇದು ಹೊನಗೊನ್ನೆ, ಇದು ಕಿರಕ್‌ಸಾಲೆ. ಆಮೇಲೆ ತಲೆ ಎತ್ತಿ, "ತಿನ್ನೋದನ್ನ ಕಿತ್ತು ಬಿಸಾಕ್ತೀರಲ್ಲಪ್ಪ" ಅಂದರು. ಅವತ್ತು ಮಧ್ಯಾಹ್ನ ಅವರ ಮನೆಯಿಂದ ಒಂದು ಡಬ್ಬಿ ಬೆರಕೆ ಸೊಪ್ಪಿನ ಸಾರು ಬಂತು. ಮುಂದಿನ ಭಾನುವಾರದಿಂದ ಅವರು ಮೊಮ್ಮಗನಿಗಿಂತ ಮೊದಲೇ ಬರುತ್ತಿದ್ದರು.

ಮಂಡಿ ನೋವಿನ ಬಗ್ಗೆ ಚಿಂತೆ ಬೇಡ. ಬಗ್ಗುವ ಕೆಲಸ ಅವರಿಗೆ ಕೊಡಬೇಡಿ. ನೆರಳಿನಲ್ಲಿ ಒಂದು ಕುರ್ಚಿ ಹಾಕಿ. ಸೊಪ್ಪು ಬಿಡಿಸುವುದು, ಬೀಜ ಬೇರೆ ಮಾಡುವುದು, ಒಣಗಿದ ಅವರೆಕಾಯಿ ಸುಲಿಯುವುದು, ಗೊಬ್ಬರ ಜರಡಿ ಹಿಡಿಯುವುದು, ಇವೆಲ್ಲ ಕೂತು ಮಾಡುವ ಕೆಲಸಗಳು. ಮಕ್ಕಳನ್ನು ಅವರ ಸುತ್ತ ಕೂರಿಸಿ. ಒಂದೇ ಒಂದು ಎಚ್ಚರ ಇರಲಿ. ತಾನಾಗಿ ಬೆಳೆದ ಸೊಪ್ಪನ್ನು ತೋಟದ ಒಳಗಿಂದ ಮಾತ್ರ ಕೀಳಿ. ರಸ್ತೆ ಪಕ್ಕದ್ದು, ಮೋರಿ ಪಕ್ಕದ್ದು ಬೇಡವೇ ಬೇಡ. ಗೊತ್ತಿರುವ ಇಬ್ಬರು ಒಪ್ಪದ ಸೊಪ್ಪನ್ನು ಪಾತ್ರೆಗೆ ಹಾಕಬೇಡಿ. ಗಣಿಕೆ ಸೊಪ್ಪಿನ ಗಿಡ ಬಂದರೆ ಎಲೆ ಬೇಯಿಸಿ ತಿನ್ನಿ, ಆದರೆ ಅದರ ಹಸಿರು ಕಾಯಿಯನ್ನು ಮಕ್ಕಳು ಬಾಯಿಗೆ ಹಾಕದಂತೆ ನೋಡಿಕೊಳ್ಳಿ.

ಇನ್ನು ಯಜಮಾನರ ಮಾತು. ದುಡ್ಡಿನ ಲೆಕ್ಕದಲ್ಲಿ ಅವರು ಹೇಳುವುದು ಸರಿ. ಗಾಡಿಯವರು ಮಾರುವ ಬೆಲೆಗೆ ನೀವು ಬೆಳೆಯಲು ಆಗುವುದಿಲ್ಲ. ಅವರ ಹಿಂದೆ ತಲೆತಲಾಂತರದ ಕಸುಬಿದೆ. ಲಾಲ್‌ಬಾಗಿನ ಸುತ್ತಮುತ್ತ ಹಿಂದೆ ತಿಗಳರು ಬೆಳೆಯುತ್ತಿದ್ದ ತರಕಾರಿ, ಹೂವು ಈ ಊರನ್ನು ಸಾಕಿತ್ತು. ಅದರ ಜೊತೆ ನಮ್ಮ ಭಾನುವಾರದ ಎರಡು ಗಂಟೆ ಹೋಲಿಸಬಾರದು. ಆದ್ದರಿಂದ ಉಳಿತಾಯ ಆಗುತ್ತದೆ ಅಂತ ಹೇಳಿ ಯಾರನ್ನೂ ತೋಟಕ್ಕೆ ಸೇರಿಸಬೇಡಿ. ಮೂರು ತಿಂಗಳಿಗೆ ಅವರು ಲೆಕ್ಕ ಹಾಕುತ್ತಾರೆ, ನಾಲ್ಕನೇ ತಿಂಗಳು ಬರುವುದಿಲ್ಲ.

ಹಂಚುವುದು ಹೇಗೆ ಅನ್ನುವುದೇ ನಿಮ್ಮ ಪತ್ರದ ನಿಜವಾದ ಪ್ರಶ್ನೆ ಅಂತ ನನಗನಿಸಿತು. ಇಂಥ ತೋಟಗಳು ನೀರಿಲ್ಲದೆ ಒಣಗುವುದಕ್ಕಿಂತ ಹಂಚಿಕೆ ಸರಿಯಾಗದೆ ಒಣಗುವುದೇ ಜಾಸ್ತಿ. ನಮ್ಮಲ್ಲಿ ಮೊದಲ ವರ್ಷ ತಕ್ಕಡಿ, ನೋಟ್‌ಬುಕ್ಕು ಎರಡೂ ಇದ್ದವು. ಯಾರು ಎಷ್ಟು ಗಂಟೆ ಕೆಲಸ ಮಾಡಿದರು, ಯಾರಿಗೆ ಎಷ್ಟು ಗ್ರಾಂ ಬಂತು ಅಂತ ಬರೆಯುತ್ತಿದ್ದೆವು. ಒಂದು ಭಾನುವಾರ ತೋಟದಲ್ಲಿ ಬಂದದ್ದು ಮೂರು ಹೀರೇಕಾಯಿ, ಎರಡು ಹಿಡಿ ಹುರುಳಿಕಾಯಿ, ಒಂದು ಬುಟ್ಟಿ ದಂಟಿನ ಸೊಪ್ಪು. ಮನೆಗಳು ಹದಿನಾಲ್ಕು. ಹೀರೇಕಾಯಿಯನ್ನು ತುಂಡು ಮಾಡಿ ಹಂಚಿದೆವು. ನಾಲ್ಕು ಬೆರಳಿನಷ್ಟು ಹೀರೇಕಾಯಿ ಹಿಡಿದುಕೊಂಡು ಮನೆಗೆ ಹೋದವರ ಮುಖ ನನಗೆ ಇನ್ನೂ ನೆನಪಿದೆ. ಅದರಲ್ಲಿ ಒಂದು ಪಲ್ಯವೂ ಆಗುವುದಿಲ್ಲ, ಬಿಸಾಕಲು ಮನಸ್ಸೂ ಬರುವುದಿಲ್ಲ. ಎರಡು ತಿಂಗಳಲ್ಲಿ ಐದು ಮನೆಯವರು ಬರುವುದು ನಿಲ್ಲಿಸಿದರು.

ಉಳಿದವರು ಒಂದು ಕೆಲಸ ಮಾಡಿದೆವು. ತಕ್ಕಡಿ ತೆಗೆದಿಟ್ಟು ಒಲೆ ತಂದೆವು. ಅಷ್ಟೇ. ಅದೇ ಮೂರು ಹೀರೇಕಾಯಿ, ಎರಡು ಹಿಡಿ ಹುರುಳಿಕಾಯಿ, ಒಂದು ಬುಟ್ಟಿ ಸೊಪ್ಪು ಒಂದೇ ಪಾತ್ರೆಗೆ ಬಿದ್ದರೆ ಇಪ್ಪತ್ತು ಜನರ ಊಟ. ಹೀರೇಕಾಯಿ ಸಿಪ್ಪೆಯಲ್ಲೇ ಚಟ್ನಿ ಬೇರೆ ಆಗುತ್ತದೆ. ಹಸಿಯಾಗಿ ಹಂಚಿದರೆ ಯಾರಿಗೂ ಸಾಲದ್ದು, ಬೇಯಿಸಿದರೆ ಎಲ್ಲರಿಗೂ ಆಗಿ ಮಿಗುತ್ತದೆ. ಹಾಗಾಗಿ ನನ್ನ ಸಲಹೆ ಇಷ್ಟು. ತಿಂಗಳಿಗೊಂದು ಭಾನುವಾರ ತೋಟದಲ್ಲೇ ಅಡುಗೆ, ಅಲ್ಲೇ ಊಟ. ಉಳಿದ ಭಾನುವಾರಗಳಲ್ಲಿ ಬಂದದ್ದು ಕಡಿಮೆಯಿದ್ದರೆ ಸರದಿ ಪ್ರಕಾರ ಇಡಿಯಾಗಿ ಎರಡು ಮನೆಗೆ ಕೊಡಿ. ಈ ವಾರ ಇವರಿಗೆ, ಮುಂದಿನ ವಾರ ಅವರಿಗೆ. ಒಂದು ಮನೆಗೆ ಒಂದು ಹೊತ್ತಿನ ಸಾರಿಗೆ ಆಗುವಷ್ಟು ಹೋಗಬೇಕು, ಅದಕ್ಕಿಂತ ಚೂರು ಮಾಡಬಾರದು. ಬಳ್ಳಿಗೆ ಚಪ್ಪರ ಹಾಕುವ ಮೊದಲು ಒಲೆಗೆ ಜಾಗ ನೋಡಿ. ಅಸೋಸಿಯೇಷನ್‌ನವರ ಒಪ್ಪಿಗೆ ಪಡೆದು, ಕಟ್ಟಡದಿಂದ ದೂರ, ಒಂದು ಗ್ಯಾಸ್ ಒಲೆ ಇಟ್ಟುಕೊಂಡರೂ ಸಾಕು.

ಅಡುಗೆ ಏನು ಮಾಡುವುದು? ಅತ್ತೆಯವರು ಮದ್ದೂರು ಕಡೆಯವರು ಅಂದ ಮೇಲೆ ಬಸ್ಸಾರಿಗಿಂತ ಬೇರೆ ಯೋಚನೆ ಬೇಡ. ತೋಟಕ್ಕೆ ಅಂತಲೇ ಹುಟ್ಟಿದ ಅಡುಗೆ ಅದು. ಒಂದೇ ಬೇಯಿಸುವಿಕೆಯಲ್ಲಿ ಸಾರೂ ಆಯಿತು, ಪಲ್ಯವೂ ಆಯಿತು. ಇಪ್ಪತ್ತು ಮಂದಿಗೆ ಮುಕ್ಕಾಲು ಕೆಜಿ ತೊಗರಿಬೇಳೆ, ಒಂದೂವರೆ ಕೆಜಿ ಬಿಡಿಸಿದ ಸೊಪ್ಪು ಅಂದಾಜು. ಬೇಳೆ ಕುಕ್ಕರಿಗೆ ಹಾಕಬೇಡಿ, ತೆರೆದ ಪಾತ್ರೆಯಲ್ಲಿ ಜಾಸ್ತಿ ನೀರಿಟ್ಟು ಬೇಯಿಸಿ. ಬೇಳೆ ಬೆಂದಿರಬೇಕು, ಕರಗಿರಬಾರದು. ಎರಡು ಬೆರಳಲ್ಲಿ ಒತ್ತಿದರೆ ಮೆತ್ತಗೆ ಒಡೆಯಬೇಕು. ಆ ಹದದಲ್ಲಿ ಸೊಪ್ಪು, ಉಪ್ಪು ಹಾಕಿ. ಸೊಪ್ಪು ಬಾಡಿ ಬೆಂದ ಕೂಡಲೇ ನೀರು ಬಸಿಯಿರಿ. ಆ ಕಟ್ಟು ಚೆಲ್ಲಿದರೆ ಬಸ್ಸಾರೇ ಹೋಯಿತು, ಮಕ್ಕಳಿಗೆ ಹೇಳಿಡಿ. ಆಮೇಲೆ ಹುರಿದ ಈರುಳ್ಳಿ, ಬೆಳ್ಳುಳ್ಳಿ, ತೆಂಗಿನಕಾಯಿ, ಸಾರಿನ ಪುಡಿ, ಹುಣಸೆಹಣ್ಣು, ಜೊತೆಗೆ ಬೆಂದ ಸೊಪ್ಪು ಬೇಳೆ ಒಂದೆರಡು ಹಿಡಿ, ಇವನ್ನು ನುಣ್ಣಗೆ ರುಬ್ಬಿ ಕಟ್ಟಿಗೆ ಸೇರಿಸಿ ಕುದಿಸಿ. ಉಳಿದ ಸೊಪ್ಪು ಬೇಳೆಗೆ ಸಾಸಿವೆ, ಒಣಮೆಣಸಿನಕಾಯಿ, ಕರಿಬೇವಿನ ಒಗ್ಗರಣೆ, ಮೇಲೆ ತೆಂಗಿನತುರಿ.

ಈ ಅಡುಗೆಯಲ್ಲಿ ಎಲ್ಲರಿಗೂ ಕೆಲಸ ಇದೆ. ಒಬ್ಬರು ಬಿಡಿಸಬೇಕು, ಒಬ್ಬರು ಮೂರು ನೀರಿನಲ್ಲಿ ತೊಳೆಯಬೇಕು, ಒಬ್ಬರು ಕಾಯಿ ತುರಿಯಬೇಕು, ಒಬ್ಬರು ರುಬ್ಬಬೇಕು. ಮುದ್ದೆ ತೊಳಸಲು ತೋಳಿನ ಬಲ ಬೇಕು, ಅದಕ್ಕೆ ಯಜಮಾನರನ್ನು ಕರೆಯಿರಿ. ಲೆಕ್ಕ ಕೇಳುತ್ತಿದ್ದ ಎಷ್ಟೋ ಗಂಡಸರು ಮುದ್ದೆ ಕೋಲು ಹಿಡಿದ ಮೇಲೆ ನಮ್ಮಲ್ಲಿ ಒಂದು ಭಾನುವಾರವೂ ತಪ್ಪಿಸಿಲ್ಲ. ಬೆಂದ ಸೊಪ್ಪಿನ ವಾಸನೆ ಮೇಲಿನ ಮಹಡಿಗಳಿಗೂ ಹೋಗುತ್ತದೆ. ತೋಟಕ್ಕೆ ಸೇರದ ಮನೆಯವರೂ ಬಾಲ್ಕನಿಗೆ ಬಂದು ನೋಡುತ್ತಾರೆ. ಅವರಿಗೂ ಒಂದು ಬಟ್ಟಲು ಕಳಿಸಿ.

ಒಲೆ ಉರಿಯುತ್ತಾ ಇರಬೇಕಾದರೆ ಸೊಪ್ಪೇ ನಿಮ್ಮ ಮೊದಲ ಬೆಳೆ ಆಗಬೇಕು. ಟೊಮೆಟೊ, ಬದನೆ, ಹೂಕೋಸು ಅಂತ ಆಸೆ ಪಡುತ್ತೀರಿ, ಗೊತ್ತು. ಆರು ತಿಂಗಳು ತಡೆಯಿರಿ. ಕೀರೆ, ಹರಿವೆ ಬಿತ್ತಿದ 25ರಿಂದ 30 ದಿನಕ್ಕೆ ಕೈಗೆ ಬರುತ್ತವೆ. ಮೆಂತ್ಯ ಇನ್ನೂ ಬೇಗ, ಅಡುಗೆಮನೆ ಡಬ್ಬಿಯ ಮೆಂತ್ಯವನ್ನೇ ಚೆಲ್ಲಿದರೆ ನಾಲ್ಕನೇ ದಿನ ಮಣ್ಣು ಸೀಳಿಕೊಂಡು ತಲೆ ಎತ್ತುತ್ತದೆ. ಹೊಸದಾಗಿ ತೋಟ ಮಾಡುವವರಿಗೆ, ಮುಖ್ಯವಾಗಿ ಮಕ್ಕಳಿಗೆ, ಕಾಯುವ ತಾಳ್ಮೆ ಬೆಳೆಯುವುದಕ್ಕೆ ಮೊದಲು ಹೀಗೊಂದು ಬೇಗ ಬರುವ ಫಸಲು ಬೇಕು. ದಂಟಿನ ಬೀಜ ತೀರ ಸಣ್ಣದು. ನಾಲ್ಕು ಪಾಲು ಮರಳಿನ ಜೊತೆ ಕಲಸಿ ಚೆಲ್ಲಿದರೆ ಒತ್ತೊತ್ತಾಗಿ ಬೀಳುವುದಿಲ್ಲ. ಇರುವೆ ಬೀಜ ಹೊತ್ತೊಯ್ಯುತ್ತದೆ. ಮಡಿಯ ಅಂಚಿನಲ್ಲಿ ಒಂದು ಹಿಡಿ ರವೆ ಉದುರಿಸಿ, ಅದರ ಹಿಂದೆ ಹೋಗುತ್ತವೆ. ಕೊತ್ತಂಬರಿ ಬೀಜವನ್ನು ಮೆಲ್ಲಗೆ ಉಜ್ಜಿ ಎರಡು ಹೋಳು ಮಾಡಿ ಬಿತ್ತಿ, ಮೊಳೆಯಲು ಎಂಟು ಹತ್ತು ದಿನ ಬೇಕು, ಹಾಳಾಯಿತು ಅಂತ ಕೆದಕಬೇಡಿ. ಬೇಲಿ ಪಕ್ಕ ಬಸಳೆ ಬಳ್ಳಿಯ ಒಂದು ತುಂಡು, ಚಕ್ರಮುನಿಯ ಎರಡು ಕಡ್ಡಿ, ಒಂದು ನುಗ್ಗೆ, ಒಂದು ಕರಿಬೇವು ನೆಟ್ಟುಬಿಡಿ. ಇವು ವರ್ಷಗಟ್ಟಲೆ ಕೊಡುತ್ತವೆ.

ಟೊಮೆಟೊ ತಡೆಯಿರಿ ಅಂದದ್ದಕ್ಕೆ ಕಾರಣ ಇದೆ. ನಾವು ಎರಡನೇ ವರ್ಷ ಅರ್ಧ ತೋಟಕ್ಕೆ ಟೊಮೆಟೊ ಹಾಕಿದ್ದೆವು. ಹೂವಿನ ಹೊತ್ತಿಗೆ ಹಸಿರು ಗಿಡಗಳು ಒಂದೆರಡು ದಿನದಲ್ಲಿ ಜೋತುಬಿದ್ದವು. ನೀರು ಹಾಕಿದಷ್ಟೂ ಬಾಡಿದವು. ಕಾಂಡ ಕತ್ತರಿಸಿ ಗಾಜಿನ ಲೋಟದ ನೀರಿನಲ್ಲಿ ತೂಗುಹಾಕಿ ನೋಡಿದೆ. ಕತ್ತರಿಸಿದ ತುದಿಯಿಂದ ಹಾಲಿನಂಥ ಬಿಳಿ ಎಳೆ ಮೆಲ್ಲಗೆ ಕೆಳಗಿಳಿಯಿತು. ದುಂಡಾಣು ಸೊರಗು ರೋಗದ ಗುರುತು ಅದು. ಮಣ್ಣಿನಲ್ಲೇ ಉಳಿದುಕೊಳ್ಳುವ ರೋಗ, ಆ ಜಾಗದಲ್ಲಿ ಬದನೆ, ಮೆಣಸಿನಕಾಯಿ, ಆಲೂಗಡ್ಡೆಯೂ ಬೇಡ. ಟೊಮೆಟೊ ಹಾಕಲೇಬೇಕು ಅಂದರೆ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ರಕ್ಷಕ್ ಹಾಕಿ. ಈ ಸೊರಗು, ಎಲೆ ಮುದುರು ನಂಜು, ಮುಂಚಿನ ಅಂಗಮಾರಿ ಮೂರನ್ನೂ ತಡೆಯಲೆಂದು ಮಾಡಿದ ಹೈಬ್ರಿಡ್ ಅದು. ಬೀಜ ಎತ್ತಿಟ್ಟುಕೊಳ್ಳಲು ಮಾತ್ರ ಬರುವುದಿಲ್ಲ.

ಮಣ್ಣಿನ ವಿಷಯ ಬೇಗ ಹೇಳಿಬಿಡುತ್ತೇನೆ. ಅಪಾರ್ಟ್‌ಮೆಂಟಿನ ಹಿಂದಿನ ಜಾಗ ಅಂದರೆ ಅರ್ಧ ಸಿಮೆಂಟು, ಇಟ್ಟಿಗೆ ಚೂರು, ಟೈಲ್ಸ್ ಇರುತ್ತದೆ. ಒಂದಡಿ ಅಗೆದು ಅದನ್ನೆಲ್ಲ ಆರಿಸಿ ತೆಗೆಯಿರಿ. ಮೇಲೆ ಕೆಂಪು ಮಣ್ಣು, ಕಳಿತ ಗೊಬ್ಬರ, ಸ್ವಲ್ಪ ಬೇವಿನ ಹಿಂಡಿ ಬೆರೆಸಿ ಏರುಮಡಿ ಮಾಡಿ. ಮಡಿಯ ಅಗಲ ಮೂರಡಿ ಮೀರಬಾರದು, ಎರಡೂ ಕಡೆಯಿಂದ ಕೈಗೆ ಎಟುಕಬೇಕು. ಉದ್ದ ಹತ್ತಡಿ ಇರಲಿ. ನಡುವೆ ಎರಡಡಿ ದಾರಿ ಬಿಡಿ. ನಿಮ್ಮ ಜಾಗಕ್ಕೆ ಹನ್ನೆರಡಕ್ಕೂ ಹೆಚ್ಚು ಮಡಿ ಹಿಡಿಸುತ್ತವೆ, ಆದರೆ ಮೊದಲ ಮಳೆಗಾಲಕ್ಕೆ ಐದು ಮಾಡಿ. ಒಂದು ಮನೆಗೆ ಒಂದು ಮಡಿ ಅಂತ ಮಾತ್ರ ಹಂಚಬೇಡಿ. ಹಂಚಿದರೆ ಅವರವರ ಮಡಿ ಅವರವರು ನೋಡಿಕೊಳ್ಳುತ್ತಾರೆ, ಊರಿಗೆ ಹೋದವರ ಮಡಿ ಒಣಗುತ್ತದೆ. ಎಲ್ಲ ಮಡಿಯೂ ಎಲ್ಲರದ್ದು ಆಗಿರಲಿ.

ಗೊಬ್ಬರಕ್ಕೆ ಹನ್ನೆರಡು ಮನೆಯ ತರಕಾರಿ ಸಿಪ್ಪೆಯೇ ಬೇಕಾದಷ್ಟು. ಒಂದು ಬುಟ್ಟಿ ಹಸಿ ಕಸಕ್ಕೆ ಎರಡು ಬುಟ್ಟಿ ಒಣ ಎಲೆ. ಹುಳಿ ಮಜ್ಜಿಗೆ ಸ್ವಲ್ಪ ಚಿಮುಕಿಸಿ, ವಾರಕ್ಕೊಮ್ಮೆ ತಿರುವಿಹಾಕಿ. ಎರಡು ಮೂರು ತಿಂಗಳಲ್ಲಿ ಮಳೆ ಬಿದ್ದ ಮಣ್ಣಿನ ವಾಸನೆ ಬರುತ್ತದೆ, ಆಗ ಹದವಾಗಿದೆ ಅಂತ. ಚಳಿಗಾಲ ಮುಗಿಯುವ ಹೊತ್ತಿಗೆ ಬೆಂಗಳೂರಿನ ರಸ್ತೆಗಳಲ್ಲಿ ಎಲೆ ಉದುರುತ್ತದೆ. ಅದನ್ನು ಸುಡುವ ಮೊದಲೇ ಗೋಣಿಚೀಲ ತುಂಬಿಟ್ಟುಕೊಳ್ಳಿ. ಜೀವಾಮೃತ ಮಾಡುವ ಆಸೆ ಇದ್ದರೆ 20 ಲೀಟರ್ ನೀರಿಗೆ ಒಂದು ಕೆಜಿ ಸಗಣಿ, ಒಂದು ಲೀಟರ್ ಗಂಜಲ, 200 ಗ್ರಾಂ ಬೆಲ್ಲ, 200 ಗ್ರಾಂ ಕಡಲೆಹಿಟ್ಟು, ಒಂದು ಹಿಡಿ ಒಳ್ಳೆಯ ಮಣ್ಣು. ನೆರಳಿನಲ್ಲಿ ಎರಡು ಮೂರು ದಿನ ಬೆಳಿಗ್ಗೆ ಸಂಜೆ ಕೋಲಿನಿಂದ ತಿರುಗಿಸಿ, ಹತ್ತು ಪಾಲು ನೀರು ಬೆರೆಸಿ ಬುಡಕ್ಕೆ ಹಾಕಿ.

ನೀರಿನ ಬಗ್ಗೆ ಮೊದಲೇ ಮಾತಾಡಿಕೊಳ್ಳಿ. 2024ರ ಮಾರ್ಚ್‌ನಲ್ಲಿ ಜಲಮಂಡಳಿ ಗಿಡಗಳಿಗೆ ಕುಡಿಯುವ ನೀರು ಹಾಕಬಾರದು ಅಂತ ಆದೇಶ ಮಾಡಿ 5,000 ರೂಪಾಯಿ ದಂಡ ಇಟ್ಟಿತ್ತು, ನೆನಪಿರಬಹುದು. ಆ ಬೇಸಿಗೆ ನಾವು ಮಡಿಗಳನ್ನು ಎರಡಕ್ಕೆ ಇಳಿಸಿದೆವು. ಅಕ್ಕಿ ತೊಳೆದ ನೀರು, ತರಕಾರಿ ತೊಳೆದ ನೀರು ಮನೆಮನೆಯಿಂದ ಬಕೆಟಿನಲ್ಲಿ ಬಂತು. ನಿಮ್ಮ ಕಟ್ಟಡದಲ್ಲಿ ಮಳೆನೀರು ಹಿಡಿಯುವ ತೊಟ್ಟಿ ಇದ್ದರೆ ಅದರಿಂದ ಒಂದು ಪೈಪು ತೋಟಕ್ಕೆ ಎಳೆಸಿಕೊಳ್ಳಿ. ಎಸ್‌ಟಿಪಿ ನೀರನ್ನು, ಅಂದರೆ ಶುದ್ಧೀಕರಿಸಿದ ಕೊಳಚೆ ನೀರನ್ನು, ಸೊಪ್ಪಿಗೆ ಹಾಕಬೇಡಿ, ದಾಸವಾಳ, ಕನಕಾಂಬರಕ್ಕೆ ಹಾಕಿ. ಬುಡಕ್ಕೆ ಒಣ ಎಲೆ ಹೊದಿಸಿದರೆ ಅರ್ಧ ನೀರಿನ ಚಿಂತೆ ಅಲ್ಲೇ ಕಡಿಮೆ ಆಗುತ್ತದೆ.

ಈಗ ನಿಮ್ಮ ಆಸೆಯ ಮಾತಿಗೆ ಬರುತ್ತೇನೆ. ಇದರಲ್ಲಿ ಸಿಗುವ ಖುಷಿ ಏನು ಅಂತ ಕೇಳಿದರೆ ನಾನು ಎರಡು ಹೊತ್ತುಗಳ ಮಾತು ಹೇಳುತ್ತೇನೆ.

ಒಂದು, ಸೋರೆ ಬಳ್ಳಿಯ ಸಂಜೆ. ಸೋರೆ ಹೂವು ಬಿಳಿ, ಅರಳುವುದೇ ಹೊತ್ತು ಮುಳುಗುವಾಗ. ನಗರದಲ್ಲಿ ಆ ಹೊತ್ತಿಗೆ ಹೂವಿಗೆ ಬರುವ ಹುಳುಗಳು ಕಡಿಮೆ, ಹಾಗಾಗಿ ಪಿಂದೆ ಹಳದಿಯಾಗಿ ಉದುರಿಬಿಡುತ್ತದೆ. ಎಲ್ಲರೂ ರೋಗ ಅಂದುಕೊಳ್ಳುತ್ತಾರೆ. ಮಕ್ಕಳನ್ನು ಕರೆದು ತೋರಿಸಿ. ಹೂವಿನ ಕೆಳಗೆ ಬೆರಳಿನಷ್ಟು ಪುಟ್ಟ ಸೋರೆಕಾಯಿ ಇದ್ದರೆ ಅದು ಹೆಣ್ಣು, ಬರೀ ಉದ್ದ ತೊಟ್ಟಿದ್ದರೆ ಗಂಡು. ಗಂಡು ಹೂವು ಕಿತ್ತು ಪಕಳೆ ಬಿಡಿಸಿ, ನಡುವಿನ ಪುಡಿಯನ್ನು ಹೆಣ್ಣು ಹೂವಿಗೆ ಮೆತ್ತಗೆ ಸವರಬೇಕು. ಸವರಿದ ಹೂವಿಗೆ ಒಂದು ದಾರ ಕಟ್ಟಿ, ಮಗುವಿನ ಹೆಸರು ಬರೆದ ಚೀಟಿ ತೂಗಿಸಿ. ಮೂರು ದಿನದಲ್ಲಿ ಕಾಯಿ ಕೆಳಕ್ಕೆ ಬಾಗಿ ದಪ್ಪಗಾಗತೊಡಗುತ್ತದೆ. ಆ ಮಗು ಸ್ಕೂಲಿನಿಂದ ಬಂದು ಚೀಲ ಇಡುವ ಮೊದಲು ತೋಟಕ್ಕೆ ಓಡುತ್ತದೆ. ನಮ್ಮಲ್ಲಿ ಸೋರೆಕಾಯಿ ಮುಟ್ಟದ ಒಬ್ಬ ಹುಡುಗ ತಾನು ಹೆಸರಿಟ್ಟ ಕಾಯಿಯ ಪಲ್ಯವನ್ನು ಎರಡು ಸಲ ಬಡಿಸಿಕೊಂಡ. ಸಿಹಿಗುಂಬಳ ಆದರೆ ಬೆಳಿಗ್ಗೆ ಬೇಗ ಹೋಗಬೇಕು, ಬಿಸಿಲೇರಿದರೆ ಹೂವು ಮುಚ್ಚಿಕೊಳ್ಳುತ್ತದೆ.

ಎರಡು, ಅವರೆಯ ಕಾಲ. ಹಳೆಯ ನಾಟಿ ಅವರೆಯನ್ನು ಜುಲೈ, ಆಗಸ್ಟ್‌ನಲ್ಲಿ ಬಿತ್ತಿ. ಹಗಲು ಚಿಕ್ಕದಾದ ಮೇಲೆಯೇ ಅದು ಹೂ ಬಿಡುವುದು. ಕೃಷಿ ವಿಶ್ವವಿದ್ಯಾಲಯದ ಹೆಬ್ಬಾಳ ಅವರೆ ತಳಿಗಳಲ್ಲಿ ವರ್ಷದ ಯಾವ ಕಾಲದಲ್ಲಾದರೂ ಕಾಯಿ ಬಿಡುವವು ಇವೆ. ಆದರೆ ಡಿಸೆಂಬರಿನ ಇಬ್ಬನಿ ಕುಡಿದ ನಾಟಿ ಅವರೆಯ ಸೊಗಡು ನನಗೆ ಬೇರೆ ಯಾವುದರಲ್ಲೂ ಸಿಕ್ಕಿಲ್ಲ. ಕಾಯಿ ಕೀಳುವಾಗ ಆ ಜಿಡ್ಡು ಕೈಗೆ ಅಂಟುತ್ತದೆ, ಸೋಪು ಹಾಕಿ ತೊಳೆದರೂ ಸಂಜೆಯವರೆಗೆ ವಾಸನೆ ಇರುತ್ತದೆ. ಹಿಂದಿನ ರಾತ್ರಿ ಕಾಳು ನೆನೆಸಿಟ್ಟು, ಬೆಳಿಗ್ಗೆ ಚಾಪೆ ಹಾಸಿ ಎಲ್ಲರೂ ಸುತ್ತ ಕೂತು ಹಿದುಕಬೇಕು. ಹೆಬ್ಬೆರಳು, ತೋರುಬೆರಳ ನಡುವೆ ಕಾಳು ಒತ್ತಿದರೆ ಬೇಳೆ ಪಟ್ ಅಂತ ಹಾರಿ ಬಟ್ಟಲಿಗೆ ಬೀಳುತ್ತದೆ, ಕೆಲವು ಎದುರಿಗಿದ್ದವರ ಮಡಿಲಿಗೂ ಬೀಳುತ್ತವೆ. ಒಂದು ಗಂಟೆ ಹಿದುಕುವಷ್ಟರಲ್ಲಿ ವರ್ಷಗಟ್ಟಲೆ ಲಿಫ್ಟಿನಲ್ಲಿ ಸುಮ್ನೆ ತಲೆಯಾಡಿಸಿ ಹೋಗುತ್ತಿದ್ದವರು ಒಬ್ಬರಿಗೊಬ್ಬರು ಅತ್ತಿಗೆ, ಅಣ್ಣ ಆಗಿರುತ್ತಾರೆ. ನಿಮ್ಮ ಅತ್ತೆಯವರಿಗೆ ಈ ಕೆಲಸ ನಾನು ಹೇಳಿಕೊಡಬೇಕಾಗಿಲ್ಲ, ಅಲ್ವಾ?

ಕೆಲಸದ ಪಾಳಿ ಸುಲಭವಾಗಿರಲಿ. ದಿನಕ್ಕೆ ಒಂದು ಮನೆ ನೀರು ಹಾಕಲಿ, ಭಾನುವಾರ ಬೆಳಿಗ್ಗೆ ಏಳರಿಂದ ಒಂಬತ್ತು ಎಲ್ಲರೂ ಸೇರಲಿ. ಬರಲಾಗದವರಿಗೆ ದಂಡ ಹಾಕಬೇಡಿ. ಮೈ ಬಗ್ಗಿಸಲಾಗದವರು ಬೇಳೆ ತರಲಿ, ಸಮಯ ಇಲ್ಲದವರು ಬೀಜ ತರಲಿ. ಇನ್ನೂ ಕಲಿಯಬೇಕು ಅನಿಸಿದರೆ ಬೆಂಗಳೂರಿನಲ್ಲಿ ತಾರಸಿ ತೋಟದವರು ಸೇರುವ 'ಊಟ ಫ್ರಮ್ ಯುವರ್ ತೋಟ' ಸಂತೆಗೆ ಗುಂಪಾಗಿ ಹೋಗಿ ಬನ್ನಿ, ಅಲ್ಲಿ ಬೀಜವೂ ಸಿಗುತ್ತದೆ, ಕೇಳಿದ್ದಕ್ಕೆ ಬೇಸರವಿಲ್ಲದೆ ಉತ್ತರ ಹೇಳುವವರೂ ಸಿಗುತ್ತಾರೆ. ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದಲ್ಲಿ ನಡೆಯುವ ಕೃಷಿ ಮೇಳಕ್ಕೂ ಒಮ್ಮೆ ಹೋಗಿ.

ಹುಳು ಬಂತು ಅಂತ ಗಾಬರಿ ಬೇಡ. ಎಲೆಯ ಹಿಂದೆ ಹೇನು, ಹಿಟ್ಟು ತಿಗಣೆ ಕಂಡರೆ ಒಂದು ಲೀಟರ್ ನೀರಿಗೆ ಐದು ಎಂಎಲ್ ಬೇವಿನ ಎಣ್ಣೆ, ಎರಡು ಹನಿ ಸೋಪಿನ ದ್ರಾವಣ ಬೆರೆಸಿ ಸಂಜೆ ಹೊತ್ತು ಹೊಡೆಯಿರಿ. ಜಾಸ್ತಿ ಹತ್ತಿದ ಗಿಡವನ್ನು ಕಿತ್ತುಹಾಕಿ.

ಜೂನ್ ಮೊದಲ ವಾರ ಮೂರು ಮಡಿಗೆ ಕೀರೆ, ಹರಿವೆ, ಒಂದು ಮಡಿಗೆ ಮೆಂತ್ಯ, ಒಂದು ಮಡಿಗೆ ಬೆಂಡೆ ಹಾಕಿ. ಮೆಂತ್ಯವನ್ನು ಜೋರು ಮಳೆಯಿಂದ ಸ್ವಲ್ಪ ಕಾಪಾಡಿಕೊಳ್ಳಿ, ನೀರು ನಿಂತರೆ ಕೊಳೆಯುತ್ತದೆ. ಜುಲೈ ಮೊದಲ ಭಾನುವಾರಕ್ಕೆ ಬಸ್ಸಾರಿಗೆ ಆಗುವಷ್ಟು ಸೊಪ್ಪು ಬಂದಿರುತ್ತದೆ. ಬೇಳೆ ಯಾರದ್ದು, ತೆಂಗಿನಕಾಯಿ ಯಾರದ್ದು, ರಾಗಿ ಹಿಟ್ಟು ಯಾರದ್ದು ಅಂತ ಈಗಲೇ ಮಾತಾಡಿಟ್ಟುಕೊಳ್ಳಿ. ಸಾರಿನ ಪುಡಿ ಮಾತ್ರ ಅತ್ತೆಯವರು ಮನೆಯಲ್ಲಿ ಹುರಿದು ಪುಡಿ ಮಾಡಿದ್ದೇ ಇರಲಿ.